ಓದಿ ಹೇಳಲಾಗದ ನಕ್ಷತ್ರ ಗುರುತು

ಆ ವರ್ಷಗಳಲ್ಲಿ ನಾನು ಕ್ಯಾಲಿಫೋರ್ನಿಯಾದ ಡಬ್ಲಿನ್‌ನಲ್ಲಿ ಅಕ್ಕ, ಭಾವನ ಮನೆಯಲ್ಲಿದ್ದೆ. ಕೆಲಸ ಮಿಲ್ಪಿಟಾಸ್‌ನಲ್ಲಿ. ಇಂಟರ್ನೆಟ್ ಕಂಪನಿಗಳು ವಾರಕ್ಕೊಂದು ಹುಟ್ಟುತ್ತಿದ್ದ ಕಾಲ. ಆಫೀಸಿನ ಹತ್ತಿರ ಒಂದು ಅಪಾರ್ಟ್‌ಮೆಂಟು ನೋಡಲು ಹೋದರೆ ನನಗಿಂತ ಮೊದಲೇ ಬಾಗಿಲಲ್ಲಿ ಜನ ನಿಂತಿರುತ್ತಿದ್ದರು. "ಸುಮ್ಮನೆ ಇಲ್ಲೇ ಇರೋ. ಮಗಳ ಜೊತೆ ಕನ್ನಡ ಮಾತಾಡೋಕೆ ಒಬ್ಬರು ಸಿಕ್ಕ ಹಾಗಾಗುತ್ತೆ" ಎಂದಳು ಅಕ್ಕ. ಆದದ್ದು ಬೇರೆ. ಹತ್ತು ವರ್ಷದ ಅವಳ ಮಗಳಿಗೆ ಕನ್ನಡ ಅರ್ಥವಾಗುತ್ತಿತ್ತು, ನನ್ನಿಂದ ಮಾತಾಡಲು ಮಾತ್ರ ಕಲಿಯಲಿಲ್ಲ, ನಾನು ಅವಳಿಂದ ಬೇಸ್‌ಬಾಲ್ ಕಲಿತೆ.

ನನಗೆ ಹೈಸ್ಕೂಲಿನಿಂದ ಡೈರಿಯ ಚಟ. ಮಳೆ ಯಾವತ್ತು ಬಂತು, ಫ್ರೀವೇಯಲ್ಲಿ ಎಷ್ಟು ಹೊತ್ತು ಸಿಕ್ಕಿಕೊಂಡೆ, ಯಾರ ಫೋನು ಬಂತು, ಎಲ್ಲ ತಾರೀಖಿನ ಸಮೇತ ಬರೆದಿಡುವವನು. ಅದನ್ನು ನೋಡಿ ಹುಡುಗಿ ಒಂದು ದಿನ ಟೀವಿ ಮುಂದೆ ಕೂರಿಸಿ, ಕೈಗೆ ಪೆನ್ಸಿಲು ಕೊಟ್ಟು, ಆಟದ ಪ್ರತಿ ಎಸೆತವನ್ನೂ ಚೌಕದೊಳಗೆ ಗುರುತು ಹಾಕಿ ಬರೆಯುವುದನ್ನು ತೋರಿಸಿದಳು. ನನಗೆ ಅದು ಹೇಳಿ ಮಾಡಿಸಿದ ಆಟ ಅನ್ನಿಸಿತು. ನೂರು ವರ್ಷದ ಹಿಂದಿನ ಒಂದು ಮಧ್ಯಾಹ್ನ ಯಾರು ಚೆಂಡನ್ನು ಎಲ್ಲಿಗೆ ಹೊಡೆದ ಎಂದು ಬರೆದಿಟ್ಟುಕೊಂಡಿರುವ ಜನ! ಆ ಬೇಸಿಗೆಯೆಲ್ಲ ನಾವಿಬ್ಬರೂ ಪಕ್ಕಪಕ್ಕ ಕೂತು ಲೆಕ್ಕ ಬರೆದೆವು. ಹೋಮ್ ರನ್ ಎಂದರೆ ಚೆಂಡು ಬೇಲಿ ದಾಟಿ ಹೋಗುವುದು, ನಮ್ಮ ಸಿಕ್ಸರಿನ ಹಾಗೆ. ಅವು ಆಗ ದೇಶದ ತುಂಬ ಬೇಲಿ ದಾಟುತ್ತಿದ್ದವು. ಹಳೆಯ ದಾಖಲೆಗಳು ಬಿದ್ದವು. ಹೊಡೆಯುವವರ ತೋಳು, ಕುತ್ತಿಗೆ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿದ್ದವು. ನಾನೂ ನೋಡುತ್ತಿದ್ದೆ. ಚೌಕದೊಳಗೆ ಅದನ್ನು ಬರೆಯಲು ಜಾಗವಿರಲಿಲ್ಲ.

ಆಮೇಲೆ ಸ್ಟೀರಾಯ್ಡ್ ಎಂಬ ಮಾತು ಎದ್ದಿತು. ಯಾರ ಮೇಲೂ ಏನೂ ಸಾಬೀತಾಗಿರಲಿಲ್ಲ, ಆದರೆ ಮಾತು ನಿಲ್ಲಲಿಲ್ಲ. ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಮೂರು ಪಂಗಡವಾಯಿತು. ಆ ದಾಖಲೆಗಳನ್ನು ಪುಸ್ತಕದಿಂದ ಅಳಿಸಿಬಿಡಿ ಎನ್ನುವವರು, ಪಕ್ಕದಲ್ಲಿ ನಕ್ಷತ್ರದ ಗುರುತು ಹಾಕಿ ಕೆಳಗೆ ಒಂದು ಸಾಲಿನ ಟಿಪ್ಪಣಿ ಬರೆಯಿರಿ ಎನ್ನುವವರು, ಹಾಗೇ ಬಿಡಿ ಎನ್ನುವವರು. ನಾನು ನ್ಯಾಪ್‌ಕಿನ್ ಮೇಲೆ ಗೆರೆ ಎಳೆದು ಲೆಕ್ಕ ಇಟ್ಟೆ. ಅಳಿಸಿ ಎನ್ನುವ ಸಾಲಿನ ಮೊದಲ ಗೆರೆ ನನ್ನದೇ.

ಒಂದು ಭಾನುವಾರ ಬೆಳಿಗ್ಗೆ ಟೀವಿಯಲ್ಲಿ ಇದೇ ಚರ್ಚೆ, ದಾಖಲೆ ಮುರಿದ ಒಬ್ಬ ಆಟಗಾರನನ್ನು ಮತ್ತೆ ಮತ್ತೆ ತೋರಿಸುತ್ತಿದ್ದರು. ಭಾವ ಸೋಫಾದ ಮೇಲೆ ಪೇಪರು ಹಾಸಿಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಹಾಸನ ಕಡೆಯ ಹಳ್ಳಿಯವರು ಅವರು. ಪಿಯುಸಿ ಓದುವಾಗ ಗುಂಡು ಎಸೆತದಲ್ಲಿ ರಾಜ್ಯಕ್ಕೇ ಮೊದಲು ಬಂದು, ದಾಖಲೆ ಮಾಡಿ, ಕ್ರೀಡಾ ಕೋಟಾದಲ್ಲಿ ಇಂಜಿನಿಯರಿಂಗ್ ಸೀಟು ಪಡೆದವರು. ಅದು ನಮ್ಮ ಮನೆಯಲ್ಲಿ ಎಲ್ಲರ ಬಾಯಲ್ಲೂ ಇದ್ದ ಕಥೆ. ಮಗಳು ಅದನ್ನು ಸ್ಕೂಲಿನಲ್ಲಿ ಇಡೀ ಕ್ಲಾಸಿಗೆ ಹೇಳಿಬಂದಿದ್ದಳು.

"ಅಳಿಸಿಬಿಡಬೇಕು. ಇದರಲ್ಲಿ ಚರ್ಚೆ ಏನು ಬಂತು?" ಎಂದೆ ನಾನು.

"ಯು ಕಾಂಟ್ ಇರೇಸ್ ಇಟ್, ಮಾಮ. ದ ಬಾಲ್ ವೆಂಟ್ ಓವರ್ ದ ಫೆನ್ಸ್" ಎಂದಳು ಹುಡುಗಿ.

"ಫೆನ್ಸ್ ದಾಟಿಸಿದ್ದು ಅವನಲ್ಲ, ಅವನ ಔಷಧ."

"ಹೌ ಡು ಯು ನೋ?"

"ಆ ಕುತ್ತಿಗೆ ನೋಡು! ನಮ್ಮ ಗ್ಯಾರೇಜಿನ ಅಕ್ಕಿಮೂಟೆ ಇದ್ದ ಹಾಗಿದೆ."

"ಪಕ್ಕಾ ಗೊತ್ತಿಲ್ಲದೆ ಹಾಗೆಲ್ಲ ಅನ್ನಬಾರದು ಕಣೋ" ಎಂದರು ಭಾವ, ತಲೆ ಎತ್ತದೆ.

ನನಗೆ ಉಮೇದು ಬಂತು. "ಭಾವ, ನೀವೇ ಹೀಗೆ ಹೇಳಿದರೆ ಹೇಗೆ? ನೀವು ಆಡಿದವರು. ನಿಮಗೆ ಎಲ್ಲರಿಗಿಂತ ಮೊದಲು ಸಿಟ್ಟು ಬರಬೇಕು. ಒಬ್ಬ ಸೂಜಿ ಚುಚ್ಚಿಸಿಕೊಂಡು ಬಂದು ನಿಮ್ಮ ದಾಖಲೆ ಮುರಿದಿದ್ದರೆ ಸುಮ್ಮನಿರ್ತಿದ್ದರಾ? ಅಂಥವನ ಹೆಸರೇ ಎಲ್ಲೂ ಉಳಿಯಬಾರದು."

ಭಾವ ಸಿಪ್ಪೆಯ ಸಮೇತ ಪೇಪರು ಮಡಚಿಕೊಂಡು ಅಡುಗೆಮನೆಗೆ ಹೋದರು. "ಟೀವಿ ಸೌಂಡ್ ಕಡಿಮೆ ಮಾಡ್ರೋ, ಅವರಿಗೆ ತಲೆನೋವು" ಎಂದಳು ಅಕ್ಕ ಒಳಗಿನಿಂದ. ನಾನು ಕಡಿಮೆ ಮಾಡಿದೆ. ಮಾತಿನಲ್ಲಿ ಗೆದ್ದೆ ಎಂದುಕೊಂಡಿದ್ದೆ. ಆ ದಿನದ ಡೈರಿಯಲ್ಲಿ ಆಟದ ಫಲಿತಾಂಶದ ಕೆಳಗೆ ಅದನ್ನೂ ಬರೆದಿದ್ದೇನೆ. ಈಗ ಆ ಪುಟ ಬಂದರೆ ಬೇಗ ಮಗುಚುತ್ತೇನೆ.

ಆ ವರ್ಷ ರಾಜ್ಯೋತ್ಸವಕ್ಕೆ ನಮ್ಮ ಕನ್ನಡ ಕೂಟದವರು ಕೆಲವರಿಗೆ ಸನ್ಮಾನ ಎಂದು ತೀರ್ಮಾನಿಸಿದರು. ಅದರಲ್ಲಿ ಭಾವನ ಹೆಸರೂ ಇತ್ತು, ಕ್ರೀಡಾ ಸಾಧಕ ಎಂದು. ಸನ್ಮಾನಪತ್ರ ಬರೆದು ವೇದಿಕೆಯ ಮೇಲೆ ಓದುವ ಕೆಲಸ ನನಗೆ. "ನೀವಾದರೆ ಒಂದು ತಾರೀಖೂ ತಪ್ಪಲ್ಲ" ಎಂದರು ಕೂಟದ ಕಾರ್ಯದರ್ಶಿ. ಅವರು ಮೈಸೂರಿನ ಡಾಕ್ಟರು, ಬಹಳ ಉತ್ಸಾಹಿ. ನಾನು ಖುಷಿಯಿಂದ ಒಪ್ಪಿಕೊಂಡೆ.

ವಿವರ ಬರೆದುಕೊಳ್ಳಲು ಪೆನ್ನು ಹಿಡಿದು ಹೋದಾಗ ಭಾವ ಗ್ಯಾರೇಜಿನಲ್ಲಿ ಮಗಳ ಸೈಕಲ್ಲಿಗೆ ಗಾಳಿ ಹಾಕುತ್ತಿದ್ದರು. "ಎಷ್ಟು ಮೀಟರ್ ಭಾವ? ಸರಿಯಾಗಿ ಹೇಳಿ" ಎಂದೆ. ಅವರು ಪಂಪು ಕೆಳಗಿಟ್ಟರು.

"ಅದಕ್ಕೆ ಸ್ಟಾರ್ ಹಾಕು."

ನಾನು ನಕ್ಕೆ. ಅವರು ನಗಲಿಲ್ಲ.

"ಸ್ಪೋರ್ಟ್ಸ್ ಹಾಸ್ಟೆಲಿನಲ್ಲಿ ಒಬ್ಬರು ಕೋಚ್ ಇದ್ದರು, ರಾಜ್ಯದ ಮೀಟ್‌ಗೆ ಮೊದಲು ನನಗೊಬ್ಬನಿಗೆ ಇಂಜೆಕ್ಷನ್ ಹಾಕಿಸಿದರು. ಒಂದು ಸಲ ಅಲ್ಲ, ಎರಡು ತಿಂಗಳು. ಶಕ್ತಿ ಬರೋ ಇಂಜೆಕ್ಷನ್ ಅಂದರು. ಏನು ಸಾರ್ ಇದು ಅಂತ ನಾನು ಕೇಳಲಿಲ್ಲ."

"ವಿಟಮಿನ್ ಇರಬಹುದು ಭಾವ."

"ಇರಬಹುದು. ಎಷ್ಟೋ ವರ್ಷ ನಾನೂ ಅದನ್ನೇ ಅಂದುಕೊಂಡೆ. ಅಂಗಿ ತೋಳು ಹಿಡಿಯೋಕೆ ಶುರುವಾಯಿತು. ಊರಿಗೆ ಹೋದರೆ ನಮ್ಮವ್ವ, ಹಾಸ್ಟೆಲ್ ಮುದ್ದೆ ಹತ್ತಿದೆ ನನ್ನ ಮಗನಿಗೆ ಅಂತ ದೃಷ್ಟಿ ತೆಗೆದಳು. ಮುದ್ದೆಗೆ ಅಷ್ಟು ಶಕ್ತಿ ಇದ್ದಿದ್ದರೆ ಇಡೀ ಹಾಸ್ಟೆಲ್ಲೇ ದಾಖಲೆ ಮಾಡಬೇಕಿತ್ತಲ್ಲೋ."

ನನ್ನ ಕಣ್ಣಿಗೆ ಆ ಭಾನುವಾರದ ಸೋಫಾ ಕಂಡಿತು, ಸಿಪ್ಪೆಯ ಪೇಪರು ಕಂಡಿತು. ಅಂಥವನ ಹೆಸರೇ ಉಳಿಯಬಾರದು ಎಂದು ಅವರ ಮುಖಕ್ಕೇ ಹೇಳಿದ್ದೆ. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಬದಲು ಪೆನ್ನಿನ ಕ್ಯಾಪು ಹಾಕಿದೆ. ಅವರೂ ಅದನ್ನು ಎತ್ತಲಿಲ್ಲ.

"ಹಾಗಾದರೆ ಸನ್ಮಾನ ಬೇಡ ಅಂದುಬಿಡಿ" ಎಂದೆ.

"ಬೇಡ ಅಂದೆ. ಡಾಕ್ಟರು ಫೋನ್ ಮಾಡಿದಾಗಲೆಲ್ಲ ಬೇಡ ಅಂದೆ. ನಮ್ಮವರಿಗೆ ಬೇಡ ಅಂದಷ್ಟೂ ದೊಡ್ಡ ಮನುಷ್ಯ ಅನ್ನಿಸುತ್ತೆ." ಸೈಕಲ್ ಚಕ್ರವನ್ನು ಒತ್ತಿ ನೋಡಿದರು. "ಇರಲಿ ಬಿಡು. ಮಗಳು ಸ್ಕೂಲಲ್ಲೆಲ್ಲ ಹೇಳ್ಕೊಂಡು ಬಂದಿದ್ದಾಳೆ. ಅವಳಿಗೆ ಗೊತ್ತಾಗಬೇಕು. ಎಲ್ಲಿ ಹೊಗಳ್ತಾರೋ ಅಲ್ಲೇ ಗೊತ್ತಾಗಲಿ. ನೀನು ಸ್ಟಾರ್ ಹಾಕಿ ಕೆಳಗೆ ಬರಿ."

"ಅದನ್ನ ಮೈಕಿನಲ್ಲಿ ಓದಬೇಕು ಭಾವ. ನಕ್ಷತ್ರನ ಹೇಗೆ ಓದಲಿ?"

"ಅದು ನಿನಗೆ ಬಿಟ್ಟಿದ್ದು. ಬರೆಯೋನು ನೀನು."

ಅಕ್ಕನಿಗೆ ವಿಷಯ ಮೊದಲೇ ಗೊತ್ತಿತ್ತು ಎಂಬುದು ನನಗೆ ಆ ಮಧ್ಯಾಹ್ನ ತಿಳಿಯಿತು. "ನಿನಗೂ ಬುದ್ಧಿ ಇಲ್ಲವೇನೋ?" ಎಂದಳು. "ಶಾಲು ಹೊದಿಸೋ ದಿನ ಯಾರಾದರೂ ಇಂಜೆಕ್ಷನ್ ಕಥೆ ಓದ್ತಾರಾ? ನಾಳೆ ಆ ಮಗು ಮುಖ ಎತ್ತಿಕೊಂಡು ಓಡಾಡಬೇಡವಾ? ಅವರು ಹೇಳಿದ್ದೆಲ್ಲ ಬರೆಯಬೇಡ."

ನಾನು ಬರೆಯಲು ಕೂತೆ. ಬೇರೆಯವರ ದಾಖಲೆ ಅಳಿಸಲು ನನಗೆ ಒಂದು ನಿಮಿಷವೂ ಬೇಕಾಗಿರಲಿಲ್ಲ. ಇದಕ್ಕೆ ಹಾಳೆಯ ಮೇಲೆ ಹಾಳೆ ಹರಿದೆ. ಕೊನೆಗೆ ಉಳಿದದ್ದು ಈ ವಾಕ್ಯ: "ಗುಂಡು ಎಸೆತದಲ್ಲಿ ಇವರ ಸಾಧನೆ ಆ ಕಾಲದ ರಾಜ್ಯ ದಾಖಲೆಯೆಂದು ಪರಿಗಣಿತವಾಗಿತ್ತು." ಸುಳ್ಳಲ್ಲ. ನಿಜವನ್ನೂ ಹೇಳುವುದಿಲ್ಲ. ಅಕ್ಕ ಓದಿ ತಲೆಯಾಡಿಸಿದಳು. ಭಾವ ಓದಿ, ಹಾಳೆಯನ್ನು ನಾಲ್ಕಾಗಿ ಮಡಚಿ ನನ್ನ ಕೈಗೇ ಕೊಟ್ಟರು.

ಕಾರ್ಯಕ್ರಮ ಮಿಲ್ಪಿಟಾಸ್‌ನ ಒಂದು ಸ್ಕೂಲಿನ ಸಭಾಂಗಣದಲ್ಲಿ, ಮಧ್ಯಾಹ್ನ ಊಟವಾದ ಮೇಲೆ. ಬಿಸಿಬೇಳೆಬಾತಿನ ವಾಸನೆ ಹಾಲ್ ತುಂಬ ಇತ್ತು. ಮುಂದಿನ ಸಾಲಿನಲ್ಲಿ ಅಕ್ಕ, ಪಕ್ಕದಲ್ಲಿ ರೇಷ್ಮೆ ಲಂಗದ ಹುಡುಗಿ. ಭಾವನಿಗೆ ಹಾರ ಹಾಕಿದರು, ಶಾಲು ಹೊದಿಸಿದರು, ಮೈಸೂರು ಪೇಟ ತೊಡಿಸಿದರು. ಪೇಟ ಚಿಕ್ಕದಾಗಿ ತಲೆಯ ಮೇಲೆ ಕೂತೂ ಕೂರದಂತಿತ್ತು. ನಾನು ಪತ್ರ ಓದಿದೆ. "ಪರಿಗಣಿತವಾಗಿತ್ತು" ಎನ್ನುವಲ್ಲಿ ಚಪ್ಪಾಳೆ ಬಿತ್ತು.

ಭಾವ ಮೈಕು ಹಿಡಿದರು. ಅವರಿಗೆ ಭಾಷಣ ಬರುವುದಿಲ್ಲ.

"ಈ ಸನ್ಮಾನಕ್ಕೆ ನಾನು ಅರ್ಹನಲ್ಲ" ಎಂದರು. ಎಲ್ಲರೂ ಮುಗುಳ್ನಕ್ಕರು. ಅವರಿಗಿಂತ ಮೊದಲು ಶಾಲು ಹೊದ್ದವರೂ ಇದೇ ಮಾತಿನಿಂದ ಶುರು ಮಾಡಿದ್ದರು.

"ನಾನು ನಿಜ ಹೇಳ್ತಿದೀನಿ. ಆ ದಾಖಲೆ ನನ್ನದಲ್ಲ."

"ಗುರುಗಳದ್ದು!" ಎಂದು ಹಿಂದಿನಿಂದ ಯಾರೋ ಕೂಗಿದರು. ಚಪ್ಪಾಳೆ.

"ಗುರುಗಳು ನನಗೆ ಇಂಜೆಕ್ಷನ್ ಕೊಡಿಸಿದ್ದರು. ಅದರ ಬಲ ಅದು. ನಾನು ಆ ಗುಂಡು ಎಸೆಯದೆ ಇದ್ದಿದ್ದರೆ ಇನ್ನೊಬ್ಬನಿಗೆ ಸೀಟು ಸಿಗುತ್ತಿತ್ತು."

ಸಭೆಯಲ್ಲಿ ನಗೆ ಎದ್ದಿತು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡರು. ಡಾಕ್ಟರು ಎದ್ದು ಬಂದು ಭಾವನ ಹೆಗಲ ಮೇಲೆ ಕೈ ಹಾಕಿ ಮೈಕಿಗೆ ಬಾಗಿದರು. "ನೋಡಿದಿರಾ ಇವರ ಸರಳತೆನ! ಇಷ್ಟು ದೊಡ್ಡ ಸಾಧನೆ ಮಾಡಿ, ಗುರುಗಳ ಪ್ರೋತ್ಸಾಹದ ಇಂಜೆಕ್ಷನ್ ಅಂತಾರೆ! ಇದು ಸ್ವಾಮಿ ನಮ್ಮ ಸಂಸ್ಕೃತಿ!" ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಭಾವ ನನ್ನ ಕಡೆ ತಿರುಗಿದರು. ನಾನು ಎರಡು ಹೆಜ್ಜೆ ದೂರದಲ್ಲಿ, ಇನ್ನೊಂದು ಮೈಕಿನ ಮುಂದೆ, ಕೈಯಲ್ಲಿ ಪತ್ರ ಹಿಡಿದು ನಿಂತಿದ್ದೆ. ತಮಾಷೆಯಲ್ಲ, ಅವರು ಹೇಳಿದ್ದು ನಿಜ ಎಂದು ಒಂದು ಮಾತು ಹೇಳಬೇಕಿತ್ತು. ಆ ಸಭೆಯಲ್ಲಿ ಅದನ್ನು ಹೇಳಬಲ್ಲವರು ನಾನು ಮತ್ತು ಅಕ್ಕ, ಇಬ್ಬರೇ. ಅಕ್ಕ ತಲೆ ತಗ್ಗಿಸಿ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ನಾನು ಪತ್ರವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ. ನಕ್ಕೆ ಕೂಡ. ಆ ದಿನದ ಫೋಟೋದಲ್ಲಿ ನಾನು ನಗುತ್ತಿದ್ದೇನೆ.

ಹುಡುಗಿ ಚಪ್ಪಾಳೆ ತಟ್ಟಿರಲಿಲ್ಲ.

ವಾಪಸು ಬರುವಾಗ ಇನ್ನೂ ಬಿಸಿಲಿತ್ತು. ಫ್ರೀವೇಯ ಎರಡೂ ಕಡೆ ಗುಡ್ಡಗಳು ಒಣಗಿ ಹಳದಿಯಾಗಿದ್ದವು. ಭಾವ ಗಾಡಿ ಓಡಿಸುತ್ತಿದ್ದರು, ಅಕ್ಕ ಮುಂದೆ, ನಾನು ಮತ್ತು ಹುಡುಗಿ ಹಿಂದೆ. ಪೇಟ ನಮ್ಮಿಬ್ಬರ ನಡುವಿನ ಸೀಟಿನಲ್ಲಿತ್ತು.

"ಅಪ್ಪ" ಎಂದಳು ಹುಡುಗಿ. "ಯು ವರ್ ನಾಟ್ ಜೋಕಿಂಗ್."

"ಇಲ್ಲಮ್ಮ."

"ಲೈಕ್ ದ ಬೇಸ್‌ಬಾಲ್ ಗೈಸ್?"

"ಇರಬಹುದು. ನನಗೆ ಪಕ್ಕಾ ಗೊತ್ತಿಲ್ಲ. ಗೊತ್ತು ಮಾಡ್ಕೊಳ್ಳಲಿಲ್ಲ."

ಅವಳು ಅಳಬಹುದು ಎಂದು ನಾನು ಕಾದೆ. ಅಕ್ಕನೂ ಕಾಯುತ್ತಿದ್ದಳು, ಅವಳ ಕೈ ಸೀಟ್ ಬೆಲ್ಟನ್ನು ಹಿಡಿದುಕೊಂಡಿತ್ತು. ಹುಡುಗಿ ಅಳಲಿಲ್ಲ. ಆಟದ ಲೆಕ್ಕ ಬರೆಯುವಾಗ ಒಂದು ಚೌಕ ಖಾಲಿ ಉಳಿದರೆ ಹುಬ್ಬು ಗಂಟಿಕ್ಕುತ್ತಾಳಲ್ಲ, ಹಾಗೆ ಹುಬ್ಬು ಗಂಟಿಕ್ಕಿ ಕೇಳಿದಳು: "ಸೋ ಹೂ ಕೇಮ್ ಸೆಕೆಂಡ್?"

ನಾನು ಆ ವರ್ಷವೆಲ್ಲ ಅಳಿಸಬೇಕು ಎಂದು ವಾದಿಸಿದ್ದೆ. ಅಳಿಸಿದ ಜಾಗದಲ್ಲಿ ಯಾರನ್ನು ಬರೆಯಬೇಕು ಎಂದು ಒಂದು ಸಲವೂ ಯೋಚಿಸಿರಲಿಲ್ಲ. ಕ್ಯಾಂಟೀನಿನ ಮೂರು ಪಂಗಡದಲ್ಲೂ ಯಾರೂ ಅದನ್ನು ಕೇಳಿರಲಿಲ್ಲ.

ಭಾವ ತಕ್ಷಣ ಉತ್ತರ ಕೊಟ್ಟರು. ಮಂಡ್ಯ ಕಡೆಯ ಹುಡುಗ ಎಂದರು. ಬರಿಗಾಲಲ್ಲಿ ಎಸೆದ ಎಂದರು. ಎಷ್ಟು ದೂರ ಎಂಬುದನ್ನು ಸೆಂಟಿಮೀಟರಿನವರೆಗೆ ಹೇಳಿದರು. ಹೆಸರು ಹೇಳಿದರು, ಅವನ ಊರಿನ ಹೆಸರು, ತಂದೆಯ ಹೆಸರು ಎಲ್ಲ ಸೇರಿಸಿ. ಅಕ್ಕ ಥಟ್ಟನೆ ಅವರ ಕಡೆ ನೋಡಿದಳು. ಇಂಜೆಕ್ಷನ್ನಿನ ವಿಷಯ ತಿಳಿದಿದ್ದ ಅವಳಿಗೂ ಆ ಹೆಸರು ಹೊಸದು.

ಹುಡುಗಿ ಅದನ್ನು ಹೇಳಲು ನೋಡಿದಳು. ನಡುವಿನ ಒತ್ತಕ್ಷರ ಅವಳ ನಾಲಿಗೆಗೆ ಸಿಗಲಿಲ್ಲ. ಭಾವ ತಿದ್ದಿದರು. ಮತ್ತೆ ತಪ್ಪಿದಳು, ಮತ್ತೆ ತಿದ್ದಿದರು. ನಾನು ಹೇಳಿಕೊಡಬಹುದಿತ್ತು, ಪಕ್ಕದಲ್ಲೇ ಇದ್ದೆ. ಆದರೆ ಆ ಹೆಸರನ್ನು ನನ್ನ ಬಾಯಲ್ಲಿ ಹೇಳಲು ನಾಚಿಕೆಯಾಯಿತು. ಕಿಟಕಿಯ ಕಡೆ ಮುಖ ಮಾಡಿ ಕೂತೆ. ಡಬ್ಲಿನ್ ಎಕ್ಸಿಟ್ ಬರುವಷ್ಟರಲ್ಲಿ ಅವಳು ಅದನ್ನು ಸರಿಯಾಗಿ ಹೇಳುತ್ತಿದ್ದಳು.