ಎಳ್ಳಮಾವಾಸ್ಯೆಯ ಕೋಳಿ

ಕುರ್ಡಿಯ ನಮ್ಮ ಮನೆಯಲ್ಲಿ ಎಳ್ಳಮಾವಾಸ್ಯೆಯ ಹೊತ್ತಿಗೆ ಕೋಳಿಗಳು ತತ್ತಿ ಇಡುವುದನ್ನು ನಿಲ್ಲಿಸುತ್ತಿದ್ದವು. "ಕಾಳು ತಿಂದು ಸುಮ್ನ ಕುಂದ್ರತದ. ಇದು ಬಂಜಿ ಆತು, ಹಿಡಿಯೋ," ಎನ್ನುತ್ತಿದ್ದಳು ಅವ್ವ. ನಾನು ಕಾಲು ಹಿಡಿಯುತ್ತಿದ್ದೆ, ಅವಳು ಕೊಯ್ಯುತ್ತಿದ್ದಳು. ಹೊಟ್ಟೆಯೊಳಗೆ ಸಾಸಿವೆಯಷ್ಟು ಸಣ್ಣ ತತ್ತಿಗಳ ಗೊಂಚಲಿರುತ್ತಿತ್ತು. ಅದನ್ನು ನಾಯಿಗೆ ಎಸೆಯುತ್ತಿದ್ದೆವು.

ಈಗ ಮಾನ್ವಿಯಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಹಗಲು ಕಿರಿದಾದಾಗ ಕೋಳಿಯ ಮೈ ದಣಿವಾರಿಸಿಕೊಳ್ಳುತ್ತದೆ, ಹಗಲು ಹಿಗ್ಗಿದಂತೆ ಆ ಸಾಸಿವೆಗಳೇ ಬಲಿತು ತತ್ತಿಯಾಗುತ್ತವೆ ಎಂದು ಮಕ್ಕಳಿಗೆ ಹೇಳುತ್ತೇನೆ. ಆದರೂ ಕಳೆದ ಚಳಿಗಾಲ ಊರಿಗೆ ಹೋದಾಗ, ಅವ್ವ ಕರೆದಳೆಂದು ಕೋಳಿಯ ಕಾಲು ಹಿಡಿದೆ. ಹೊಟ್ಟೆ ಸೀಳಿ ಆ ಗೊಂಚಲು ಕಂಡ ಮೇಲೆ ಅವಳಿಗೆ ಪಾಠ ಒಪ್ಪಿಸಿದೆ.

ಅವಳ ಕೈ ನಿಂತಿತು. "ಅಂದ್ರ ಶಿವರಾತ್ರಿ ತನಕ ತಡದಿದ್ರ ಸಾಕಿತ್ತು?"

"ಹೂಂನವ್ವಾ."

"ನನಗಂತೂ ಗೊತ್ತಿದ್ದಿಲ್ಲ. ಗೊತ್ತಿದ್ದೂ ನೀ ಯಾಕ ಕಾಲು ಹಿಡದಿ?"