ಮೊದಲು ಹೇಳಬೇಕಾದ ಮಾತು

ನನ್ನ ಬರಹಕ್ಕೆ ಪೀಠಿಕೆಯ ಚಟವಿತ್ತು. ಕಾಲುವೆ ನೀರು ಬಂದ ಹೊಸತರಲ್ಲಿ ಸಿಂಧನೂರಿನ ಶಾಲೆಯೊಂದರಲ್ಲಿ ಅಕ್ಕೋರಾಗಿದ್ದೆ, ವಾರಪತ್ರಿಕೆಗಳಿಗೆ ಬರೆಯುತ್ತಿದ್ದೆ. ಭತ್ತದ ನಾಟಿಯ ಬಗ್ಗೆ ಹೇಳಬೇಕಾದರೆ ಸೂರ್ಯೋದಯದಿಂದಲೇ ಶುರು. ಗುರುಗುಂಟಾದ ತವರಿಗೆ ಹೋದಾಗ ಓದಿ ಹೇಳಿದರೆ ಅವ್ವ ನಗುತ್ತಿದ್ದಳು.

"ನೀ ಎತ್ತು ಹೂಡೂದ್ರಾಗ ಹೊತ್ತು ಮುಣಗತೈತಿ."

ಸಿಟ್ಟಿನಿಂದ ಕಾಗದ ಮಡಚಿಡುತ್ತಿದ್ದೆ.

ಒಂದು ದಿನ ಕಾಕಾನ ಮಗ ಶಾಲೆಯ ಬಾಗಿಲಿಗೆ ಬಂದು ನಿಂತ. "ಅಕ್ಕಾ, ದೊಡ್ಡವ್ವಗ ಜರಾ ಆರಾಮಿಲ್ಲ. ಬಂದು ಹೋಗಬೇಕಂತ."

ಜರಾ ಅಂದರೆ ಸ್ವಲ್ಪ ತಾನೇ. ಮನೆಗೆ ಹೋಗಿ ಸೀರೆ ಬದಲಿಸಿದೆ. ಅವ್ವನಿಗೆ ಇಷ್ಟವೆಂದು ಬಜಾರಿನಲ್ಲಿ ಮೋಸಂಬಿ ಆರಿಸುತ್ತ ನಿಂತೆ, ಒಂದೊಂದನ್ನೂ ಒತ್ತಿ ನೋಡಿದೆ. ಲಗೂನ ನಡಿ ಎಂದು ಅವನು ಒಮ್ಮೆ ಮಾತ್ರ ಅಂದ. ಅಷ್ಟರಲ್ಲಿ ಬಸ್ಸು ಹೋಗಿತ್ತು. ಮುಂದಿನ ಬಸ್ಸಿನಲ್ಲಿ ಮಸ್ಕಿ, ಲಿಂಗಸುಗೂರು ದಾಟುವವರೆಗೆ ಅವ್ವನ ಹಳೆಯ ಕೆಮ್ಮಿಗೆ ಯಾವ ಕಷಾಯ ಒಳ್ಳೆಯದೆಂದು ನಾನು ಹೇಳುತ್ತಲೇ ಇದ್ದೆ. ಅವನು ಹಣ್ಣಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದ.

ಊರು ಮುಟ್ಟಿದಾಗ ಅವ್ವನಿಗೆ ಮಣ್ಣು ಕೊಟ್ಟು ಬಂದವರು ಬಾವಿಯ ಬಳಿ ಕೈಕಾಲು ತೊಳೆಯುತ್ತಿದ್ದರು. ಹೊತ್ತು ಮುಳುಗುವುದರೊಳಗೆ ಮುಗಿಸಬೇಕಲ್ಲ, ನನಗಾಗಿ ಕಾದು ಕಾದು ಮುಗಿಸಿದ್ದರು.

ನಮ್ಮ ಕಡೆ ದೂರದ ಮಗಳಿಗೆ ಸಾವನ್ನು ಸಾವೆಂದು ಹೇಳಿ ಕರೆತರುವುದಿಲ್ಲ, ದಾರಿಯಲ್ಲಿ ಎದೆ ಒಡೆದುಕೊಂಡಾಳು ಎಂದು. ಇದು ನನಗೇನು ಗೊತ್ತಿಲ್ಲದ್ದಲ್ಲ. ಬೇರೆಯವರ ಮನೆಗೆ ಇದೇ ಮಾತು ಬಂದಿದ್ದರೆ ಎದೆ ಧಸಕ್ಕೆನ್ನುತ್ತಿತ್ತು. ನಮ್ಮವ್ವನ ವಿಷಯದಲ್ಲಿ ಹೊಳೆಯಲೇ ಇಲ್ಲ. ಕಡೆಯದಾಗಿ ಅವಳ ಮುಖ ನೋಡಲಿಲ್ಲ.

ಕಾಕಾನ ಮಗನ ಮೇಲೆ ನನಗೆ ಸಿಟ್ಟಿಲ್ಲ. ಅವನ ಮಾತು ಚಿಕ್ಕದಾಗಿಯೇ ಇತ್ತು. ಹೇಳಬೇಕಾದದ್ದು ಮಾತ್ರ ಅದರಲ್ಲಿರಲಿಲ್ಲ.

ಆಮೇಲೆ ಪೀಠಿಕೆ ಹಾಕಲು ಕೂತಾಗಲೆಲ್ಲ ಮೋಸಂಬಿ ಸಿಪ್ಪೆಯ ವಾಸನೆ ಬರುತ್ತದೆ. ಮನೆಗೆ ಆ ಹಣ್ಣು ತರುವುದನ್ನು ಬಿಟ್ಟು ಎಷ್ಟೋ ವರ್ಷಗಳಾದವು, ಆದರೂ ಬರುತ್ತದೆ. ಪಡಸಾಲೆಯಲ್ಲಿ ಅವ್ವ ಕೂತು ಕಾಯುತ್ತಿದ್ದಾಳೆ, ನಾನಿನ್ನೂ ಎತ್ತು ಹೂಡುತ್ತಿದ್ದೇನೆ ಅನಿಸುತ್ತದೆ. ತಿರುಗಿ ನೋಡಲು ಹೆದರಿಕೆ. ಬರೆದ ಮೊದಲ ಪುಟವನ್ನು ಪೂರ್ತಿ ಹೊಡೆದುಹಾಕಿ ವಿಷಯಕ್ಕೆ ಬರುತ್ತೇನೆ. ಎಷ್ಟು ಚೊಕ್ಕ ಶೈಲಿ ನಿಮ್ಮದು ಎಂದು ಓದಿದವರು ಮೆಚ್ಚುತ್ತಾರೆ.

ಅವ್ವನ ಬಗ್ಗೆ ಮಾತ್ರ ಬಹಳ ಕಾಲ ಬರೆಯಲಾಗಲಿಲ್ಲ. ಲಿಂಗೈಕ್ಯಳಾದಳು ಎಂದು ಬರೆದೆ, ಹೊಡೆದೆ. ಶಿವನ ಪಾದ ಸೇರಿದಳು ಎಂದು ಬರೆದೆ, ಅದನ್ನೂ ಹೊಡೆದೆ. ಕೊನೆಗೆ ಉಳಿದದ್ದು ಇಷ್ಟು: ಅವ್ವ ಸತ್ತಿದ್ದಳು. ನಾನು ಹಣ್ಣು ಆರಿಸುತ್ತ ನಿಂತಿದ್ದೆ.