ಮಂಡಿಯೂರದ ಎರ್ಮಿನಿಯಾ

ಹಿಮಗುಡ್ಡಗಳ ನಡುವಿನ ನಮ್ಮೂರು ಬಾರಿಲೋಚೆಯಲ್ಲಿ ಪಾಪ್ಲರ್ ಮರಗಳ ಎಲೆಗಳು ಹಳದಿಗೆ ತಿರುಗಿದವೆಂದರೆ ನಮ್ಮ ಬೀದಿಯವರೆಲ್ಲ ಗೌರವದಿಂದ 'ದೋನ್ಯಾ' ಎಂದು ಕರೆಯುವ ಎರ್ಮಿನಿಯಾ ತನ್ನ ಮಂಡಿಯ ಮೇಲೆ ಯುದ್ಧ ಸಾರುತ್ತಾಳೆ. ಅರವತ್ತೆಂಟರ ಈ ಹೆಂಗಸಿಗೆ ಹಿಮ ಬೀಳುವುದರೊಳಗೆ ಸ್ಕೀ ಕಟ್ಟುವಷ್ಟು ಕಾಲು ಗಟ್ಟಿಯಾಗಬೇಕು. ಹಿಟ್ಟು ನಾದುತ್ತಲೇ ಬಸ್ಕಿ ಹೊಡೆಯುತ್ತಾಳೆ, ಅಂಗಡಿಯ ಸಾಲಿನಲ್ಲಿ ಒಂಟಿಕಾಲಲ್ಲಿ ನಿಲ್ಲುತ್ತಾಳೆ, ಬೇಸರ ಬಂದ ದಿನ ಮಂಡಿಗೇ ಬೈಯುತ್ತಾಳೆ: "ಏಳೇ ಸೋಮಾರಿ, ನಿನ್ನನ್ನ ಕೇಳ್ದೋರ್ ಯಾರು?" ಹೊಸ ಮಂಡಿ ಕೂರಿಸಿದ ಡಾಕ್ಟರು, "ಸ್ಕೀ ಸಾಕು, ಇನ್ನು ಸ್ವೆಟರ್ ಹೆಣೀರಿ" ಎಂದಾಗ, "ನೀವೇ ಹೆಣ್ಕೊಳ್ಳಿ, ಉಲ್ಲನ್ ನಾನ್ ಕೊಡ್ತೀನಿ" ಎಂದು ಎದ್ದು ಬಂದವಳು. ಮಾಂಸದಂಗಡಿಯ ಸತುರ್ನೀನೊ ಕೆಣಕುತ್ತಾನೆ: "ಗುಡ್ಡ ಎಲ್ಲಿಗೂ ಓಡಿಹೋಗಲ್ಲ, ದೋನ್ಯಾ!" ಇವಳ ಉತ್ತರ: "ಗುಡ್ಡ ಓಡಲ್ಲ ಕಣೋ, ವಯಸ್ಸು ಓಡುತ್ತೆ!" ಮೊನ್ನೆ ಚರ್ಚಿನ ಮೆಟ್ಟಿಲುಗಳನ್ನು ಹತ್ತುವಾಗ ನಡುವೆಯೇ ಮಂಡಿ ಹಿಡಿದು ಕುಸಿದು ಕೂತಿದ್ದಳು, ಕಣ್ಣಲ್ಲಿ ನೀರು. "ಈ ವರ್ಷ ಬಿಟ್ಬಿಡಿ" ಎಂದೆ. "ಬಿಟ್ರೆ ನನ್ ಗಂಡನ ಗತಿ?" ಎಂದಳು. "ಎವರಿಸ್ತೊಗೆ ಕಣ್ಣು ಹೋದ ಮೇಲೆ, ನಾನು ಮುಂದೆ ಜಾರ್ತಾ ಎಡಕ್ಕೆ, ಬಲಕ್ಕೆ ಅಂತ ಕೂಗಿದ್ರೇನೇ ಅವನು ಹಿಂದೆ ಬರೋದು. ಬೇರೆ ಯಾರ ದನೀನೂ ನಂಬಲ್ಲ. ವರ್ಷವೆಲ್ಲ ಗೋಡೆ ತಡವ್ಕೊಂಡು ಓಡಾಡೋನು ಆ ಹಿಮದ ಗುಡ್ಡದಲ್ಲಿ ನಗ್ತಾ ಇಳೀತಾನೆ." ನಾನು ಚಾಚಿದ ಕೈಯನ್ನು ಸರಿಸಿ, ಕಂಬಿ ಹಿಡಿದು ಎದ್ದು, ಉಳಿದ ಮೆಟ್ಟಿಲುಗಳನ್ನೆಲ್ಲ ಹತ್ತಿದಳು.